ಎದುರಿನ ಕೈಯಲ್ಲಿ ಏನೇನಿರಬಹುದು?

ಲಾಸ್ ವೇಗಸ್‌ನ ಪೋಕರ್ ಆಟಗಾರ ಡಾಯ್ಲ್ ಬ್ರನ್ಸನ್ 1978ರಲ್ಲಿ ಸ್ವಂತ ದುಡ್ಡು ಹಾಕಿ ಒಂದು ಪುಸ್ತಕ ಅಚ್ಚು ಮಾಡಿಸಿದ. ಬೆಲೆ 100 ಡಾಲರ್. ಇಸ್ಪೀಟಿನ ಪುಸ್ತಕಕ್ಕೆ ಇಷ್ಟು ಕೇಳಲು ಎದೆಗಾರಿಕೆ ಬೇಕಿತ್ತು, ಅದು ಅವನಲ್ಲಿತ್ತು. ಹಿಂದಿನ ಎರಡು ವರ್ಷ, ಅಂದರೆ 1976 ಮತ್ತು 1977ರಲ್ಲಿ, ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯ ಗೆದ್ದವನು ಆತನೇ. ಎರಡು ಸಲವೂ ಕೊನೆಯ ಆಟದಲ್ಲಿ ಅವನ ಕೈಲಿದ್ದದ್ದು ಹತ್ತು ಮತ್ತು ಎರಡು, ಯಾರೂ ನೆಚ್ಚದ ಎಲೆಗಳು. ಎರಡು ಸಲವೂ ಮೇಜಿನ ನಡುವೆ ಮೊದಲ ಮೂರು ಎಲೆ ಬಿಚ್ಚಿದಾಗ ಹಿಂದೆ ಬಿದ್ದಿದ್ದ, ಕೊನೆಯ ಎಲೆಯಾಗಿ ಹತ್ತು ಬಂತು, ಗೆದ್ದ. ಪೋಕರ್ ಮೇಜುಗಳಲ್ಲಿ ಹತ್ತು-ಎರಡಕ್ಕೆ ಇಂದಿಗೂ ಅವನದೇ ಹೆಸರು.

'ಸೂಪರ್ ಸಿಸ್ಟಮ್' ಎಂದು ಹೆಸರಾದ ಆ ಪುಸ್ತಕದ ಅಧ್ಯಾಯಗಳನ್ನು ಬ್ರನ್ಸನ್ ಒಬ್ಬನೇ ಬರೆಯಲಿಲ್ಲ. ಡೇವಿಡ್ ಸ್ಕ್ಲಾನ್ಸ್‌ಕಿ, ಮೈಕ್ ಕ್ಯಾರೊ, ಚಿಪ್ ರೀಸ್, ಬಾಬಿ ಬಾಲ್ಡ್‌ವಿನ್ ತಮಗೆ ಒಲಿದ ಆಟಗಳ ಬಗ್ಗೆ ಬರೆದರು. ನೋ-ಲಿಮಿಟ್ ಹೋಲ್ಡೆಮ್ ಮಾತ್ರ ಬ್ರನ್ಸನ್‌ನ ಪಾಲು. ಅದರಲ್ಲಿ ಆತ ಬಿಚ್ಚಿಟ್ಟ ಗುಟ್ಟು ಬಲು ಸರಳ: ಮೊದಲ ಸುತ್ತಿನಲ್ಲಿ ಪಣ ಏರಿಸಿದವನು ನೀನಾದರೆ, ನಡುವೆ ಮೂರು ಎಲೆ ಬಿದ್ದ ಮೇಲೂ, ನಿನಗೆ ಏನಾದರೂ ಕೂಡಲಿ ಬಿಡಲಿ, ಹೆಚ್ಚುಕಡಿಮೆ ಪ್ರತಿ ಸಲವೂ ಮತ್ತೆ ಕಟ್ಟು. ಎದುರಿನವನು ಎಲೆ ಎಸೆಯುತ್ತಾನೆ. ಎಸೆಯದಿದ್ದರೂ ನಿನ್ನ ಕೈ ಸುಧಾರಿಸಲು ಇನ್ನೆರಡು ಎಲೆ ಬಾಕಿ ಇರುತ್ತವೆ. ಪುಸ್ತಕ ಓದಿಕೊಂಡ ಎದುರಾಳಿಗಳು ತನ್ನ ಆಟ ಹಿಡಿದುಬಿಟ್ಟರು, ಬರೆದು ಗಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು ಎಂದು ಬ್ರನ್ಸನ್ ಮುಂದೆ ಹಲವು ಸಲ ಹೇಳಿಕೊಂಡ. 2023ರಲ್ಲಿ ಆತ ತೀರಿಕೊಳ್ಳುವ ಹೊತ್ತಿಗೆ ಆ ಗುಟ್ಟು ಊರೆಲ್ಲ ಸುತ್ತಿ, ಹಳಸಲಾಗಿ, ಯಂತ್ರಗಳ ಕೈಗೆ ಸಿಕ್ಕು ಮರುಜನ್ಮ ಪಡೆದಿತ್ತು. ಧೈರ್ಯದ ಮಾತಾಗಿದ್ದದ್ದು ಲೆಕ್ಕದ ಮಾತಾದ ಈ ನಲವತ್ತು ವರ್ಷಗಳಲ್ಲಿ ಪೋಕರ್ ಆಟಗಾರನ ತಲೆಯೊಳಗಿನ ಪ್ರಶ್ನೆಯೇ ಬದಲಾಯಿತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಟೆಕ್ಸಸ್ ಹೋಲ್ಡೆಮ್‌ನಲ್ಲಿ ಪ್ರತಿಯೊಬ್ಬರಿಗೂ ಎರಡೆರಡು ಎಲೆ ಮುಚ್ಚಿ ಹಂಚುತ್ತಾರೆ. ಒಂದು ಸುತ್ತು ಪಣ ಕಟ್ಟಿದ ಮೇಲೆ ಮೇಜಿನ ನಡುವೆ ಮೂರು ಎಲೆ ಬಿಚ್ಚಿಡುತ್ತಾರೆ, ಅದು ಫ್ಲಾಪ್. ಆಮೇಲೆ ಒಂದು ಎಲೆ ಟರ್ನ್, ಕೊನೆಯದು ರಿವರ್. ನಡುವಿನ ಐದೂ ಎಲ್ಲರಿಗೂ ಸೇರಿದವು. ಏಳರಲ್ಲಿ ಐದನ್ನು ಆರಿಸಿ ಯಾರ ಕೈ ದೊಡ್ಡದೋ ಅವರಿಗೆ ಗಂಟು. ಇಲ್ಲವೇ ಉಳಿದವರೆಲ್ಲ ಎಲೆ ಎಸೆದರೆ ಕೊನೆಗುಳಿದವನಿಗೆ, ಅವನ ಕೈಲಿ ಏನೇ ಇರಲಿ, ಗಂಟು. ನಮ್ಮ ಮೂರೆಲೆ ಆಟ ಬಲ್ಲವರಿಗೆ ಈ ಎರಡನೆಯ ದಾರಿ ಹೊಸದಲ್ಲ. ನೋ-ಲಿಮಿಟ್ ಎಂದರೆ ಯಾವ ಸುತ್ತಿನಲ್ಲಾದರೂ ಮುಂದಿರುವ ದುಡ್ಡನ್ನೆಲ್ಲ ಒಂದೇ ಸಲಕ್ಕೆ ನೂಕಬಹುದು.

ಪೋಕರ್ ಹುಟ್ಟಿದ್ದು 19ನೇ ಶತಮಾನದ ಆರಂಭದಲ್ಲಿ, ನ್ಯೂ ಆರ್ಲಿಯನ್ಸ್ ಮತ್ತು ಮಿಸಿಸಿಪಿ ನದಿಯ ಉಗಿಹಡಗುಗಳ ಆಸುಪಾಸಿನಲ್ಲಿ. ಜೋಸೆಫ್ ಕೊವೆಲ್ ಎಂಬ ಇಂಗ್ಲಿಷ್ ನಟ 1829ರಲ್ಲಿ ಇಂಥದೊಂದು ಹಡಗಿನಲ್ಲಿ ಪ್ರಯಾಣಿಸುವಾಗ ಈ ಆಟ ಕಂಡದ್ದನ್ನು 1844ರ ತನ್ನ ನೆನಪಿನ ಪುಸ್ತಕದಲ್ಲಿ ಬರೆದಿದ್ದಾನೆ. ಆಗಿನ ಪೋಕರ್‌ಗೆ 20 ಎಲೆ ಸಾಕಾಗುತ್ತಿತ್ತು: ಎಕ್ಕ, ರಾಜ, ರಾಣಿ, ಗುಲಾಮ, ಹತ್ತು, ನಾಲ್ಕೂ ಜಾತಿಯವು. ನಾಲ್ವರು ಕೂತರೆ ತಲಾ ಐದು ಹಂಚಿ ಕಟ್ಟು ಖಾಲಿ. ಹಾಗಾಗಿ ತನ್ನ ಕೈಯಲ್ಲಿ ಮೂರು ರಾಜ ಇದ್ದವನಿಗೆ ಉಳಿದ ಮೂವರಲ್ಲಿ ಯಾರಿಗೂ ರಾಜನ ಜೋಡಿ ಇರಲಾರದು ಎಂಬುದು ನೋಡದೆಯೇ ತಿಳಿಯುತ್ತಿತ್ತು. ಸ್ವಂತ ಎಲೆ ನೋಡಿ ಪರರ ಎಲೆ ಊಹಿಸುವ ಕಸುಬು ಆ 20 ಎಲೆಗಳ ಕಾಲಕ್ಕೇ ಶುರುವಾಗಿತ್ತು. ಮುಂದೆ 52 ಎಲೆ ಬಂದವು, ಬೇಡದ ಎಲೆ ಕೊಟ್ಟು ಹೊಸದು ಎತ್ತುವ ಡ್ರಾ ಪೋಕರ್ ಬಂತು. ಎದುರಿನವನು ಎಷ್ಟು ಎಲೆ ಬದಲಿಸಿದ ಎಂಬುದೊಂದೇ ಆಗ ಸಿಗುತ್ತಿದ್ದ ಸುಳಿವು. ಒಂದೇ ಬದಲಿಸಿದರೆ ಎರಡು ಜೋಡಿ ಇರಬೇಕು, ಇಲ್ಲವೇ ಐದನೆಯ ಎಲೆಗೆ ಕಾಯುತ್ತಿದ್ದಾನೆ. ಮೂರು ಬದಲಿಸಿದರೆ ಒಂದು ಜೋಡಿ. ಉಳಿದದ್ದಕ್ಕೆ ಮುಖ ನೋಡಬೇಕು, ಕೈ ನಡುಗುತ್ತದೆಯೇ ನೋಡಬೇಕು.

ಹೋಲ್ಡೆಮ್ ಹುಟ್ಟಿದ್ದು 20ನೇ ಶತಮಾನದ ಆರಂಭದಲ್ಲಿ, ಟೆಕ್ಸಸ್‌ನ ರಾಬ್ಸ್‌ಟೌನ್ ಎಂಬ ಪುಟ್ಟ ಊರಲ್ಲಿ ಎಂಬ ಮಾತಿದೆ. ಟೆಕ್ಸಸ್ ಶಾಸನಸಭೆ 2007ರಲ್ಲಿ ಠರಾವು ಮಾಡಿ ಆ ಊರಿಗೆ ಜನ್ಮಸ್ಥಳದ ಪಟ್ಟ ಕೊಟ್ಟಿತು. ಆಟವನ್ನು ಬೆಳೆಸಿದವರು ರಸ್ತೆ ಜೂಜುಗಾರರು. ಬ್ರನ್ಸನ್, ಬ್ರಯಾನ್ 'ಸೇಲರ್' ರಾಬರ್ಟ್ಸ್ ಮತ್ತು ಥಾಮಸ್ 'ಅಮರಿಲ್ಲೊ ಸ್ಲಿಮ್' ಪ್ರೆಸ್ಟನ್, ಮೂವರೂ ಒಂದೇ ಗಂಟಿನಲ್ಲಿ ದುಡ್ಡಿಟ್ಟುಕೊಂಡು ಟೆಕ್ಸಸ್, ಒಕ್ಲಹೋಮ, ಲೂಯಿಸಿಯಾನದ ಊರೂರು ಅಲೆದರು. ಆಟ ಕಾನೂನುಬಾಹಿರ. ಸೋತರೆ ದುಡ್ಡು ಹೋಯಿತು, ಗೆದ್ದರೆ ಊರಾಚೆ ಬಂದೂಕು ಹಿಡಿದು ಕಾಯುವವರ ಭಯ, ಜೊತೆಗೆ ಪೊಲೀಸರ ಕಾಟ. ಬ್ರನ್ಸನ್ ಓದಿದವನು. ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದವನ ಕಾಲು ಮುರಿದು ಆ ದಾರಿ ಮುಚ್ಚಿತು, ಸ್ನಾತಕೋತ್ತರ ಪದವಿ ಪಡೆದು ಕಚೇರಿ ಯಂತ್ರಗಳನ್ನು ಮಾರುವ ಕೆಲಸಕ್ಕೆ ಸೇರಿದ, ಇಸ್ಪೀಟು ಆ ಕೆಲಸವನ್ನೂ ನುಂಗಿತು. ಆಗ ಕಂಪ್ಯೂಟರ್ ಇಲ್ಲ. ಯಾವ ಎಲೆ ಯಾವುದರ ಎದುರು ಎಷ್ಟು ಸಲ ಗೆಲ್ಲುತ್ತದೆ ಎಂದು ತಿಳಿಯಲು ಈ ಗೆಳೆಯರು ಒಂದೇ ಜೋಡಿ ಎಲೆಗಳನ್ನು ಮತ್ತೆ ಮತ್ತೆ ಹಂಚಿ, ಗೆಲುವು ಸೋಲುಗಳನ್ನು ಕಾಗದದಲ್ಲಿ ಗೀಚಿ ಲೆಕ್ಕ ಹಾಕುತ್ತಿದ್ದರೆಂದು ಬ್ರನ್ಸನ್ ನೆನಪಿಸಿಕೊಂಡಿದ್ದಾನೆ.

1963ರಲ್ಲಿ ಕಾರ್ಕಿ ಮಕ್‌ಕಾರ್ಕಡೇಲ್ ಎಂಬ ಟೆಕ್ಸಸ್‌ನವನು ಹೋಲ್ಡೆಮ್ ಅನ್ನು ಲಾಸ್ ವೇಗಸ್‌ನ ಕ್ಯಾಲಿಫೋರ್ನಿಯಾ ಕ್ಲಬ್‌ಗೆ ತಂದ. 1970ರಲ್ಲಿ ಬೆನ್ನಿ ಬಿನಿಯನ್ ತನ್ನ ಹಾರ್ಸ್‌ಶೂ ಕ್ಯಾಸಿನೊದಲ್ಲಿ ವರ್ಲ್ಡ್ ಸೀರೀಸ್ ಶುರುಮಾಡಿದ. ಮೊದಲ ವರ್ಷ ಜಾನಿ ಮಾಸ್‌ನನ್ನು ಆಟಗಾರರೇ ಮತ ಹಾಕಿ ಚಾಂಪಿಯನ್ ಮಾಡಿದರು. ಮರುವರ್ಷದಿಂದ ಒಬ್ಬನೇ ಉಳಿಯುವ ತನಕ ಆಡುವ ಪದ್ಧತಿ ಬಂತು, ಅದನ್ನೂ ಮಾಸ್ ಗೆದ್ದ. ಮುಖ್ಯ ಪಂದ್ಯಕ್ಕೆ ಆರಿಸಿದ ಆಟ ನೋ-ಲಿಮಿಟ್ ಹೋಲ್ಡೆಮ್. 1972ರಿಂದ ಪ್ರವೇಶಕ್ಕೆ 10,000 ಡಾಲರ್.

ಈ ಜೂಜುಗಾರರಿಗೆ ಗೊತ್ತಿಲ್ಲದಂತೆ, ಅವರ ಪ್ರಶ್ನೆಯನ್ನೇ ಹಿಡಿದು ಕೂತಿದ್ದ ಇನ್ನೊಂದು ಗುಂಪಿತ್ತು. ಹಂಗೇರಿ ಮೂಲದ ಗಣಿತಜ್ಞ ಜಾನ್ ವಾನ್ ನಾಯ್ಮನ್ 1928ರಲ್ಲೇ ಆಟಗಳ ಗಣಿತದ ಬಗ್ಗೆ ಪ್ರಬಂಧ ಬರೆದಿದ್ದ. 1944ರಲ್ಲಿ ಅರ್ಥಶಾಸ್ತ್ರಜ್ಞ ಆಸ್ಕರ್ ಮಾರ್ಗನ್‌ಸ್ಟರ್ನ್ ಜೊತೆ ಸೇರಿ ಹೊರತಂದ ಗೇಮ್ ಥಿಯರಿಯ ಮೂಲಗ್ರಂಥದಲ್ಲಿ ಪೋಕರ್‌ಗೆಂದೇ ಒಂದು ದೀರ್ಘ ಭಾಗವಿದೆ. ಆತ ಎಲೆಗಳನ್ನೇ ತೆಗೆದುಹಾಕಿದ. ಇಬ್ಬರಿಗೂ ಸೊನ್ನೆಯಿಂದ ಒಂದರ ನಡುವಿನ ಒಂದೊಂದು ಸಂಖ್ಯೆ ಸಿಗುತ್ತದೆ, ದೊಡ್ಡದು ಗೆಲ್ಲುತ್ತದೆ. ಯಾವ ಸಂಖ್ಯೆ ಬಂದರೆ ಹಣ ಕಟ್ಟಬೇಕು? ತುಂಬ ದೊಡ್ಡದಿದ್ದರೆ ಕಟ್ಟಬೇಕು, ಇದು ಯಾರಿಗಾದರೂ ಹೊಳೆಯುತ್ತದೆ. ಅತಿ ಚಿಕ್ಕದಿದ್ದರೂ ಕಟ್ಟಬೇಕು, ನಡುವಿನದಿದ್ದರೆ ಸುಮ್ಮನಿರಬೇಕು ಎಂದಿತು ಗಣಿತ. ಕಾರಣ ಸುಲಭ. ನಡುತರದ ಕೈ ತೋರಿಸುವ ಹಂತಕ್ಕೆ ಹೋದರೆ ಕೆಲವು ಸಲವಾದರೂ ಗೆಲ್ಲುತ್ತದೆ, ಅದನ್ನು ಸುಳ್ಳಿಗೆ ಸುರಿಯುವುದು ನಷ್ಟ. ತೀರ ಕೆಟ್ಟ ಕೈಗೆ ಸುಳ್ಳೊಂದೇ ದಾರಿ. ಬ್ಲಫ್ ಎಂಬುದು ಪುಂಡಾಟಿಕೆಯಲ್ಲ, ಆಟದ ಲೆಕ್ಕದಲ್ಲೇ ಅದಕ್ಕೊಂದು ಜಾಗವಿದೆ ಎಂದು ಮೊದಲ ಸಲ ಸಾಬೀತಾಯಿತು.

1950ರಲ್ಲಿ ಹೆರಾಲ್ಡ್ ಕೂನ್ ಇದನ್ನು ಇನ್ನಷ್ಟು ಕುಗ್ಗಿಸಿ ಮೂರೇ ಎಲೆಯ ಪೋಕರ್ ಮಾಡಿದ. ರಾಜ, ರಾಣಿ, ಗುಲಾಮ, ಇಬ್ಬರಿಗೆ ಒಂದೊಂದು. ಮೊದಲು ಆಡುವವನು ಗುಲಾಮ ಹಿಡಿದು ಎಷ್ಟು ಸಲ ಸುಳ್ಳು ಪಣ ಕಟ್ಟುತ್ತಾನೋ ಅದರ ಮೂರರಷ್ಟು ಸಲ ರಾಜ ಹಿಡಿದು ನಿಜದ ಪಣ ಕಟ್ಟಬೇಕು. ರಾಣಿ ಬಂದರೆ ಕಟ್ಟಲೇಬಾರದು. ಸುಳ್ಳಿಗೂ ನಿಜಕ್ಕೂ ಒಂದು ಪ್ರಮಾಣವಿದೆ ಎಂಬ ಈ ಮಾತು ಪೋಕರ್ ಮೇಜಿಗೆ ಬರಲು ಐದು ದಶಕ ಹಿಡಿಯಿತು. ಪ್ರಿನ್ಸ್‌ಟನ್‌ನಲ್ಲಿದ್ದ ಈ ಗಣಿತಜ್ಞರು ಹಾರ್ಸ್‌ಶೂಗೆ ಹೋಗಲಿಲ್ಲ, ಹಾರ್ಸ್‌ಶೂನ ಜೂಜುಗಾರರು ಪ್ರಿನ್ಸ್‌ಟನ್‌ನ ಪುಸ್ತಕ ತೆರೆಯಲಿಲ್ಲ.

ತೆರೆಯುವ ಅಗತ್ಯ ಅವರಿಗೆ ಕಂಡಿರಲೂ ಇಲ್ಲ. ಹಳೆಯ ಕಾಲದ ಊಹೆ ಎಷ್ಟು ಮೊನಚಾಗಿತ್ತು ಎಂಬುದಕ್ಕೆ ಪೋಕರ್ ಆಟಗಾರ ಸ್ಟೂ ಉಂಗರ್‌ನ ಒಂದು ಆಟವನ್ನು ಇಂದಿಗೂ ಹೇಳುತ್ತಾರೆ. 1990ರ ದಶಕದ ಆರಂಭ. ಎದುರಿಗೆ 1990ರ ವಿಶ್ವ ಚಾಂಪಿಯನ್ ಮನ್ಸೂರ್ ಮತ್ಲೂಬಿ. ನಡುವಿನ ಐದು ಎಲೆ ಮೂರು, ಮೂರು, ಏಳು, ರಾಜ, ರಾಣಿ. ಉಂಗರ್ ಬಳಿ ಹತ್ತು ಮತ್ತು ಒಂಬತ್ತು, ಅಂದರೆ ಏನೂ ಇಲ್ಲ. ಕೊನೆಯ ಎಲೆಯ ಮೇಲೆ ಮತ್ಲೂಬಿ ಉಳಿದ 32,000 ಡಾಲರನ್ನೂ ನೂಕಿದ. ಉಂಗರ್ ಕೆಲವು ಕ್ಷಣ ಯೋಚಿಸಿ, ನಿನ್ನದು ನಾಲ್ಕು-ಐದು ಇಲ್ಲವೇ ಐದು-ಆರು ಎಂದು ಹೇಳಿ ಪಣ ಒಪ್ಪಿಕೊಂಡ. ಬಿಚ್ಚಿದರೆ ನಾಲ್ಕು-ಐದು. ಇದರಲ್ಲಿ ಮಾಯೆಯಿಲ್ಲ. ಮೂರು-ಏಳರ ನಡುವೆ ಸಾಲು ಕಟ್ಟಲು ಒಂದೇ ಎಲೆ ಬೇಕಾಗಿದ್ದ ಕೈಗಳಲ್ಲಿ ಆ ಎರಡೂ ಸೇರುತ್ತವೆ. ಎಲೆ ಬರದೆ ಹೋದವನಿಗೆ ಸುಳ್ಳೊಂದೇ ಗತಿ. ಒಳ್ಳೆಯ ಕೈ ಇದ್ದವನು ಆ ದಾರಿಯಲ್ಲಿ ಬರುತ್ತಿರಲಿಲ್ಲ ಎಂದು ಉಂಗರ್ ಉಳಿದೆಲ್ಲವನ್ನೂ ಅಳಿಸಿಹಾಕಿದ್ದ. ಆದರೂ ಅವನ ಹುಡುಕಾಟ ಒಂದೇ ಉತ್ತರಕ್ಕಾಗಿ: ಇವನ ಕೈಯಲ್ಲಿರುವುದು ಯಾವುದು?

ಪುಸ್ತಕಗಳೂ ಇದೇ ಜಾಡಿನಲ್ಲಿದ್ದವು. ಸ್ಕ್ಲಾನ್ಸ್‌ಕಿ 1987ರ 'ದಿ ಥಿಯರಿ ಆಫ್ ಪೋಕರ್' ಪುಸ್ತಕದಲ್ಲಿ ಪೋಕರ್‌ನ ಮೂಲ ಪ್ರಮೇಯವೆಂದು ಒಂದನ್ನು ಮುಂದಿಟ್ಟ. ಎದುರಾಳಿಯ ಎಲೆ ಕಾಣುತ್ತಿದ್ದರೆ ಹೇಗೆ ಆಡುತ್ತಿದ್ದೆಯೋ ಹಾಗೆ ಆಡದಿದ್ದಾಗಲೆಲ್ಲ ಅವನಿಗೆ ಲಾಭ, ಹಾಗೇ ಆಡಿದಾಗಲೆಲ್ಲ ನಿನಗೆ ಲಾಭ ಎಂಬುದು ಅದರ ತಿರುಳು. ಕ್ಯಾರೊ 1984ರಲ್ಲಿ ಆಟಗಾರರ ಮೈಮಾತು ಓದುವುದು ಹೇಗೆಂದು ಫೋಟೊಗಳ ಸಮೇತ ಪುಸ್ತಕ ಮಾಡಿದ್ದ. ಎರಡೂ ಒಳ್ಳೆಯ ಪುಸ್ತಕಗಳೇ. ಎರಡರ ಹಿಂದೆಯೂ ಇದ್ದದ್ದು ಮುಚ್ಚಿದ ಆ ಎರಡು ಎಲೆಗಳನ್ನು ಹೇಗಾದರೂ ಬಿಚ್ಚಿ ನೋಡುವ ಆಸೆ.

ಆ ಆಸೆ ಟಿವಿಯಲ್ಲಿ ಈಡೇರಿತು. ಎರಡನೇ ಮಹಾಯುದ್ಧದಲ್ಲಿ ನಾಜಿ ಶಿಬಿರಗಳಿಂದ ಬದುಕಿ ಬಂದು ಅಮೆರಿಕದಲ್ಲಿ ಆಟಿಕೆ ಉದ್ಯಮಿಯಾಗಿದ್ದ ಹೆನ್ರಿ ಒರೆನ್‌ಸ್ಟೈನ್, ಆಟಗಾರನ ಮುಚ್ಚಿದ ಎಲೆಯನ್ನು ಮೇಜಿನಡಿಯಿಂದ ತೋರಿಸುವ ಕ್ಯಾಮೆರಾಗೆ 1990ರ ದಶಕದಲ್ಲಿ ಪೇಟೆಂಟ್ ಪಡೆದ. ಬ್ರಿಟನ್‌ನ ಚಾನೆಲ್ 4 1999ರಲ್ಲಿ 'ಲೇಟ್ ನೈಟ್ ಪೋಕರ್' ಕಾರ್ಯಕ್ರಮದಲ್ಲಿ ಮೇಜಿಗೆ ಗಾಜು ಹಾಕಿ ಎಲೆ ತೋರಿಸಿತು. ಅಮೆರಿಕದಲ್ಲಿ 2003ರಲ್ಲಿ ವರ್ಲ್ಡ್ ಪೋಕರ್ ಟೂರ್ ಪ್ರಸಾರವಾಯಿತು. ಅದೇ ವರ್ಷ ಟೆನೆಸ್ಸಿಯ ಲೆಕ್ಕಪತ್ರ ನೌಕರ ಕ್ರಿಸ್ ಮನಿಮೇಕರ್ ಅಂತರ್ಜಾಲದ ಅಗ್ಗದ ಅರ್ಹತಾ ಪಂದ್ಯವೊಂದನ್ನು ಗೆದ್ದು ಬಂದು, 839 ಜನರ ನಡುವೆ ವಿಶ್ವ ಚಾಂಪಿಯನ್ ಆಗಿ 25 ಲಕ್ಷ ಡಾಲರ್ ಗೆದ್ದ. ಕೊನೆಯ ಹಂತದಲ್ಲಿ ಸ್ಯಾಮ್ ಫಾರ್ಹಾ ಬಳಿ ಒಂಬತ್ತರ ಜೋಡಿ ಇದ್ದಾಗ, ಬರೀ ರಾಜ-ಏಳು ಹಿಡಿದ ಮನಿಮೇಕರ್ ಎಲ್ಲ ಚಿಪ್ಸ್ ನೂಕಿ ಅವನ ಕೈಯಿಂದ ಎಲೆ ಎಸೆಯಿಸಿದ. ಎರಡೂ ಕೈಗಳನ್ನು ಪರದೆಯ ಮೇಲೆ ಕಂಡ ಲಕ್ಷಾಂತರ ಮಂದಿಗೆ ಪೋಕರ್ ಹೇಗೆ ಗೆಲ್ಲುತ್ತಾರೆಂಬುದು ಆವತ್ತು ಅರ್ಥವಾಯಿತು. ಮರುವರ್ಷ 2,576 ಜನ ಬಂದರು. 2006ಕ್ಕೆ 8,773.

ಹೊಸಬರ ಕೈಗೆ ಪಠ್ಯಪುಸ್ತಕ ಕೊಟ್ಟವನು ಡಾನ್ ಹ್ಯಾರಿಂಗ್ಟನ್. ವಕೀಲಿಕೆ ಓದಿದವನು, ಚೆಸ್ ಮತ್ತು ಬ್ಯಾಕ್‌ಗ್ಯಾಮನ್‌ನಲ್ಲಿ ಪಳಗಿದವನು, 1995ರ ವಿಶ್ವ ಚಾಂಪಿಯನ್. ತಲೆಯ ಮೇಲೆ ಸದಾ ಬಾಸ್ಟನ್ ರೆಡ್ ಸಾಕ್ಸ್ ತಂಡದ ಹಸಿರು ಟೋಪಿ. ಎಲೆ ಎಸೆಯುವುದೇ ಹೆಚ್ಚು, ಆಡುವುದು ಕಡಿಮೆ. ಅಡ್ಡಹೆಸರು ಮಾತ್ರ 'ಆ್ಯಕ್ಷನ್ ಡಾನ್'. 2003ರ ಆ ದೊಡ್ಡ ಗುಂಪಿನಲ್ಲಿ ಮೂರನೆಯವನಾಗಿ, 2004ರಲ್ಲಿ ನಾಲ್ಕನೆಯವನಾಗಿ ನಿಂತ. ಆ ವರ್ಷದ ಕೊನೆಗೆ ಬಿಲ್ ರೋಬರ್ಟಿ ಜೊತೆ ಬರೆದ 'ಹ್ಯಾರಿಂಗ್ಟನ್ ಆನ್ ಹೋಲ್ಡೆಮ್'ನ ಮೊದಲ ಸಂಪುಟ ಬಂತು. ಬ್ರನ್ಸನ್ ಧೈರ್ಯವೆಂದು ಹೇಳಿದ್ದನ್ನು ಹ್ಯಾರಿಂಗ್ಟನ್ ಪಾಠವಾಗಿ ಬರೆದ. ಮೊದಲ ಸುತ್ತಿನ ಏರಿಕೆಯನ್ನು ಫ್ಲಾಪ್‌ನಲ್ಲಿ ಮುಂದುವರಿಸುವ ಪಣ, ಕಂಟಿನ್ಯುಯೇಷನ್ ಬೆಟ್, ಈ ಪುಸ್ತಕದ ಮೂಲಕ ಎಲ್ಲರ ಬಾಯಿಗೆ ಬಂದು ಬೇಗನೆ ಸಿ-ಬೆಟ್ ಎಂದು ಕುಗ್ಗಿತು.

ಅದರ ಲೆಕ್ಕ ಬೆರಳ ಮೇಲೆ ಮಾಡುವಂಥದು. ಗಂಟಿನಲ್ಲಿ 100 ಇದೆ, 50 ಕಟ್ಟುತ್ತೀರಿ. 50 ಕಳೆದುಕೊಳ್ಳುವ ಅಪಾಯಕ್ಕೆ ಎದುರು 100 ಗಳಿಸುವ ಅವಕಾಶ. ಮೂರರಲ್ಲಿ ಒಂದು ಸಲ ಎದುರಿನವನು ಎಲೆ ಎಸೆದರೂ ಅಸಲು ಬಂತು, ಅದಕ್ಕಿಂತ ಹೆಚ್ಚು ಎಸೆದರೆ ಲಾಭ. ಇತ್ತ ಜೋಡಿಯಿಲ್ಲದ ಎರಡು ಎಲೆ ಹಿಡಿದವನಿಗೆ ಫ್ಲಾಪ್‌ನಲ್ಲಿ ಜೋಡಿ ಕೂಡುವುದು ಹೆಚ್ಚುಕಡಿಮೆ ಮೂರರಲ್ಲಿ ಒಂದು ಸಲ. ಅಂದರೆ ಎದುರಿನವನ ಕೈ ಮೂರರಲ್ಲಿ ಎರಡು ಸಲ ಖಾಲಿ. ಖಾಲಿ ಕೈಯವರೆಲ್ಲ ಎಲೆ ಎಸೆಯುತ್ತಿದ್ದರೆ, ಎಲೆ ನೋಡದೆಯೇ ಪ್ರತಿ ಸಲ ಕಟ್ಟಿದರೂ ಲಾಭವೇ.

2005ರ ಸುಮಾರಿಗೆ ಇಂಟರ್ನೆಟ್ ಮೇಜುಗಳಲ್ಲಿ ನಡೆದದ್ದು ಇದೇ. ಕ್ಯಾಸಿನೊದಲ್ಲಿ ಗಂಟೆಗೆ 30 ಆಟ ನಡೆದರೆ ಹೆಚ್ಚು. ಪರದೆಯ ಮೇಲೆ ಒಂದು ಮೇಜಿನಲ್ಲೇ ಅದರ ಎರಡರಷ್ಟು, ಅಂಥ ಎಂಟೋ ಹತ್ತೋ ಮೇಜು ಒಟ್ಟಿಗೆ. ಪ್ರತಿ ಆಟದ ದಾಖಲೆ ಕಡತವಾಗಿ ಉಳಿಯುತ್ತಿತ್ತು. ಪೋಕರ್‌ಟ್ರ್ಯಾಕರ್‌ನಂಥ ತಂತ್ರಾಂಶಗಳು ಆ ಕಡತಗಳನ್ನು ಜಾಲಾಡಿ, ಎದುರಾಳಿಯ ಹೆಸರಿನ ಪಕ್ಕದಲ್ಲೇ ಅಂಕಿ ತೋರಿಸತೊಡಗಿದವು: ನೂರರಲ್ಲಿ ಎಷ್ಟು ಸಲ ಆಟಕ್ಕಿಳಿಯುತ್ತಾನೆ, ಎಷ್ಟು ಸಲ ಏರಿಸುತ್ತಾನೆ, ಎಷ್ಟು ಸಲ ಸಿ-ಬೆಟ್ ಹಾಕುತ್ತಾನೆ, ಸಿ-ಬೆಟ್ ಎದುರು ಎಷ್ಟು ಸಲ ಎಲೆ ಎಸೆಯುತ್ತಾನೆ. ಮುಖ ಮರೆಯಾಯಿತು, ನಡುಗುವ ಕೈ ಮರೆಯಾಯಿತು. ಆ ಜಾಗದಲ್ಲಿ ಅಭ್ಯಾಸದ ಶೇಕಡಾವಾರು ಬಂದು ಕೂತಿತು.

ಅಂಕಿ ಎರಡೂ ಕಡೆಗೆ ಕಾಣುತ್ತದೆ. ಹತ್ತರಲ್ಲಿ ಒಂಬತ್ತು ಸಲ ಫ್ಲಾಪ್‌ನಲ್ಲಿ ಕಟ್ಟುವವನ ಬಳಿ ಬಹುತೇಕ ಏನೂ ಇರುವುದಿಲ್ಲ ಎಂದು ತಿಳಿದ ಕೂಡಲೇ ಎದುರಾಳಿಗಳು ಎದ್ದು ನಿಂತರು. ಕೈಲಿ ಏನೂ ಇಲ್ಲದೆ ಪಣ ಒಪ್ಪಿಕೊಂಡು, ಟರ್ನ್‌ನಲ್ಲಿ ಅವನು ತಣ್ಣಗಾದಾಗ ಗಂಟು ಕಿತ್ತುಕೊಳ್ಳುವ 'ಫ್ಲೋಟ್' ಬಂತು. ಮೊದಲು ಚೆಕ್ ಎಂದು ಸುಮ್ಮನಿದ್ದು, ಅವನು ಕಟ್ಟಿದ ಮೇಲೆ ಮೇಲೇರಿಸುವ ಚೆಕ್-ರೇಸ್ ಬಂತು. ಅದಕ್ಕುತ್ತರವಾಗಿ ಟರ್ನ್‌ನಲ್ಲೂ ರಿವರ್‌ನಲ್ಲೂ ಕಟ್ಟುವ ಎರಡನೆಯ, ಮೂರನೆಯ ಗುಂಡು ಬಂದವು. ಯಾವಾಗಲೂ ಕಟ್ಟು ಎಂಬ ಪಾಠ ಹಳತಾಯಿತು. ಯಾವ ಫ್ಲಾಪ್‌ನಲ್ಲಿ, ಯಾರ ಎದುರು, ಎಷ್ಟು ಎಂದು ಕೇಳಬೇಕಾಯಿತು. ಅಲ್ಲಿಗೆ ಒಂದೇ ಕೈ ಊಹಿಸುವ ಹಳೆಯ ಪದ್ಧತಿ ಕೈಕೊಟ್ಟಿತು.

52 ಎಲೆಗಳಲ್ಲಿ ಎರಡನ್ನು 1,326 ಬಗೆಯಲ್ಲಿ ಹಿಡಿಯಬಹುದು. ಜಾತಿಯ ಗೊಡವೆ ಬಿಟ್ಟು, ಒಂದೇ ಜಾತಿಯೋ ಬೇರೆಯೋ ಎಂಬುದನ್ನಷ್ಟೇ ಗಣಿಸಿದರೆ 169 ಕೈಗಳು. ಅವನ್ನು 13 ಸಾಲು, 13 ಕಂಬಗಳ ಚೌಕದಲ್ಲಿ ಜೋಡಿಸಿ, ಎದುರಾಳಿ ಆಡಬಹುದಾದ ಮನೆಗಳಿಗೆ ಬಣ್ಣ ಬಳಿಯುವುದು ರೂಢಿಯಾಯಿತು. ಬಣ್ಣ ಬಳಿದ ಅಷ್ಟೂ ಮನೆ ಸೇರಿ ಅವನ ರೇಂಜ್. ಆ್ಯಂಡ್ರೂ ಪ್ರಾಕ್ ಬರೆದ ಪೋಕರ್‌ಸ್ಟೋವ್ ಎಂಬ ಉಚಿತ ತಂತ್ರಾಂಶ, ಇಂಥ ಒಂದು ರೇಂಜ್ ಎದುರು ನಿಮ್ಮ ಕೈ ನೂರರಲ್ಲಿ ಎಷ್ಟು ಸಲ ಗೆಲ್ಲುತ್ತದೆಂದು ಚಿಟಿಕೆಯಲ್ಲಿ ಹೇಳುತ್ತಿತ್ತು. ಬ್ರನ್ಸನ್ ಗೆಳೆಯರು ಕಾಗದದ ಮೇಲೆ ಗೀಚಿ ಕಲಿತದ್ದನ್ನು ಹಾಸ್ಟೆಲ್ ಹುಡುಗರು ಸಂಜೆಯೊಂದರಲ್ಲಿ ಕಲಿತರು.

ಒಂದು ಉದಾಹರಣೆ ಬಿಡಿಸಿ ನೋಡಬಹುದು. ನಿಮ್ಮ ಕೈಲಿ ಗುಲಾಮನ ಜೋಡಿ. ಬಲು ಜಿಪುಣನಾದ ಎದುರಾಳಿ ದೊಡ್ಡದಾಗಿ ಏರಿಸಿದ್ದಾನೆ. ಅವನು ಹೀಗೆ ಏರಿಸುವುದು ಎಕ್ಕದ ಜೋಡಿ, ರಾಜನ ಜೋಡಿ, ರಾಣಿಯ ಜೋಡಿ, ಇಲ್ಲವೇ ಎಕ್ಕ-ರಾಜ ಇದ್ದಾಗ ಮಾತ್ರ. ನಾಲ್ಕರಲ್ಲಿ ಮೂರು ನಿಮ್ಮನ್ನು ಸೋಲಿಸುತ್ತವೆ ಎಂದು ಮನಸ್ಸು ಹೇಳುತ್ತದೆ. ಎಣಿಸಿದರೆ ಬೇರೆ ಚಿತ್ರ. ಒಂದು ಜೋಡಿಯನ್ನು ನಾಲ್ಕು ಎಲೆಗಳಿಂದ 6 ಬಗೆಯಲ್ಲಿ ಮಾಡಬಹುದು, ಮೂರು ಜೋಡಿಗೆ 18. ಎಕ್ಕ-ರಾಜ ಮಾತ್ರ ನಾಲ್ಕು ನಾಲ್ಕಲಿ 16 ಬಗೆ. ಫ್ಲಾಪ್ ಒಂಬತ್ತು-ಏಳು-ಎರಡು ಬಿದ್ದರೆ, ಅವನು ಮತ್ತೆ ಕಟ್ಟಿದರೂ, 34ರಲ್ಲಿ 18 ಸಲ ನೀವು ಹಿಂದೆ, 16 ಸಲ ಮುಂದೆ. ಅದೇ ಫ್ಲಾಪ್‌ನಲ್ಲಿ ಒಂಬತ್ತರ ಬದಲು ರಾಜ ಬಿದ್ದರೆ? ಒಂದು ರಾಜ ಮೇಜಿನ ಮೇಲೆ ಹೋದದ್ದರಿಂದ ರಾಜನ ಜೋಡಿ 3ಕ್ಕೆ, ಎಕ್ಕ-ರಾಜ 12ಕ್ಕೆ ಇಳಿಯಿತು. ಒಟ್ಟು 27, ಇಪ್ಪತ್ತೇಳೂ ನಿಮಗಿಂತ ದೊಡ್ಡವು. ಎದುರಿನವನ ಎಲೆ ಯಾವುದೆಂದು ತಿಳಿಯದೆಯೇ ಏನು ಮಾಡಬೇಕೆಂದು ತಿಳಿಯಿತು.

2006ರಲ್ಲಿ ಗಣಿತಜ್ಞ ಬಿಲ್ ಚೆನ್ ಮತ್ತು ಜೆರಾಡ್ ಆ್ಯಂಕೆನ್‌ಮನ್ 'ದಿ ಮ್ಯಾಥಮ್ಯಾಟಿಕ್ಸ್ ಆಫ್ ಪೋಕರ್' ಹೊರತಂದರು. ವಾನ್ ನಾಯ್ಮನ್‌ನ ಸೊನ್ನೆ-ಒಂದರ ಆಟಗಳು ಅಲ್ಲಿ ಪುಟಗಟ್ಟಲೆ ಮರಳಿ ಬಂದವು. ಪ್ರಿನ್ಸ್‌ಟನ್ ಕೊನೆಗೂ ಮೇಜಿಗೆ ಬಂದು ಕೂತಿತ್ತು. ಲೆಕ್ಕ ಎದುರಾಳಿಯ ರೇಂಜ್‌ಗೆ ನಿಲ್ಲಲಿಲ್ಲ. ಅರ್ಧ ಗಂಟಿನಷ್ಟು ಪಣದ ಎದುರು ನನ್ನ ರೇಂಜ್‌ನ ಸುಮಾರು ಮೂರರಲ್ಲಿ ಎರಡು ಪಾಲನ್ನು ಉಳಿಸಿಕೊಳ್ಳದಿದ್ದರೆ, ಅವನು ಕಣ್ಣು ಮುಚ್ಚಿ ಕಟ್ಟಿ ಲಾಭ ಮಾಡುತ್ತಾನೆ. ಹಾಗಾದರೆ ಯಾವ ಎಲೆ ಉಳಿಸಲಿ, ಯಾವುದು ಬಿಡಲಿ? ಅವನ ಕಣ್ಣಿಗೆ ನನ್ನ ಕೈಯಲ್ಲಿ ಏನೇನಿರಬಹುದು? ಒಂದು ಕೈ ಆಡುವಾಗಲೂ ಎರಡು ರೇಂಜ್ ತಲೆಯಲ್ಲಿಟ್ಟು ಆಡಬೇಕಾಯಿತು.

ಮನುಷ್ಯನ ತಲೆ ಅಷ್ಟನ್ನೆಲ್ಲ ಹೊರಲಾರದು. 2007ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ಹೊಸ ಕ್ರಮವೊಂದನ್ನು ಪ್ರಕಟಿಸಿದರು. ಯಂತ್ರ ತನ್ನ ವಿರುದ್ಧ ತಾನೇ ಕೋಟ್ಯಂತರ ಸಲ ಆಡುತ್ತದೆ. ಪ್ರತಿ ನಿರ್ಧಾರದ ಬಳಿಕ, ಬೇರೆ ರೀತಿ ಆಡಿದ್ದರೆ ಎಷ್ಟು ಹೆಚ್ಚು ಸಿಗುತ್ತಿತ್ತು ಎಂಬ ಕೊರಗನ್ನು ಅಂಕಿಯಾಗಿ ಕೂಡಿಡುತ್ತದೆ. ಕೊರಗು ಹೆಚ್ಚಿದ್ದ ಕಡೆಗೆ ಮುಂದಿನ ಸಲ ವಾಲುತ್ತದೆ. ಈ ದಾರಿಯಲ್ಲೇ ಸಾಗಿ, ಪಣಕ್ಕೆ ಮಿತಿ ಇರುವ ಇಬ್ಬರ ಹೋಲ್ಡೆಮ್ ಅನ್ನು ಹೆಚ್ಚುಕಡಿಮೆ ಪೂರ್ತಿ ಬಿಡಿಸಿದ್ದೇವೆಂದು 2015ರ ಜನವರಿಯಲ್ಲಿ ಮೈಕಲ್ ಬೌಲಿಂಗ್ ತಂಡ 'ಸೈನ್ಸ್' ಪತ್ರಿಕೆಯಲ್ಲಿ ಬರೆಯಿತು.

ನೋ-ಲಿಮಿಟ್ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು. 2017ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನ ರಿವರ್ಸ್ ಕ್ಯಾಸಿನೊದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ತೋಮಸ್ ಸ್ಯಾಂಡ್‌ಹೋಮ್ ಮತ್ತು ನೋಮ್ ಬ್ರೌನ್ ರೂಪಿಸಿದ ಲಿಬ್ರಾಟಸ್ ಎದುರು ಡಾಂಗ್ ಕಿಮ್, ಜೇಸನ್ ಲೆಸ್, ಜಿಮ್ಮಿ ಚೌ, ಡೇನಿಯಲ್ ಮಕಾಲೆ ಕೂತರು. 20 ದಿನ, 1,20,000 ಆಟ. ರಾತ್ರಿ ನಾಲ್ವರೂ ಸೇರಿ ಯಂತ್ರದ ದೌರ್ಬಲ್ಯ ಹುಡುಕಿ ಟಿಪ್ಪಣಿ ಮಾಡುತ್ತಿದ್ದರು. ಅದೇ ರಾತ್ರಿ ಯಂತ್ರ ಸೂಪರ್‌ಕಂಪ್ಯೂಟರ್‌ನಲ್ಲಿ ಆ ಸಂದುಗಳನ್ನು ಮುಚ್ಚಿಕೊಳ್ಳುತ್ತಿತ್ತು. ಕೊನೆಗೆ ಮನುಷ್ಯರು ಸುಮಾರು 17.7 ಲಕ್ಷ ಡಾಲರ್ ಲೆಕ್ಕದ ಚಿಪ್ಸ್ ಹಿಂದಿದ್ದರು. 2019ರಲ್ಲಿ ಇದೇ ಜೋಡಿಯ ಪ್ಲೂರಿಬಸ್ ಆರು ಜನರ ಮೇಜಿನಲ್ಲೂ ವೃತ್ತಿಪರರನ್ನು ಸೋಲಿಸಿತು.

ಈ ವಿದ್ಯೆ ಪ್ರಯೋಗಾಲಯದಲ್ಲೇ ಉಳಿಯಲಿಲ್ಲ. 2015ರಲ್ಲಿ ಬಂದ ಪಿಯೊಸಾಲ್ವರ್‌ನಂಥ ತಂತ್ರಾಂಶಗಳನ್ನು ಮನೆಯ ಕಂಪ್ಯೂಟರ್‌ನಲ್ಲೇ ಓಡಿಸಬಹುದಿತ್ತು. ಇಬ್ಬರ ರೇಂಜ್ ಕೊಟ್ಟು, ಫ್ಲಾಪ್ ಹೇಳಿದರೆ, ಯಾವ ಕೈಯಲ್ಲಿ ನೂರಕ್ಕೆ ಎಷ್ಟು ಸಲ ಎಷ್ಟು ಕಟ್ಟಬೇಕೆಂದು ಉತ್ತರ ಬರುತ್ತಿತ್ತು. ಸಿ-ಬೆಟ್‌ನ ಪ್ರಶ್ನೆಗೆ ಸಿಕ್ಕ ಉತ್ತರ ಹಳಬರನ್ನೂ ಹೊಸಬರನ್ನೂ ತಬ್ಬಿಬ್ಬು ಮಾಡಿತು. ಕೊನೆಗೆ ಆಡುವ ಜಾಗದಲ್ಲಿ ಕೂತು ಏರಿಸಿದವನು, ಎಕ್ಕ-ಏಳು-ಎರಡು, ಮೂರೂ ಬೇರೆ ಜಾತಿ ಬಿದ್ದಾಗ, ತನ್ನ ಬಹುಪಾಲು ಕೈಗಳಲ್ಲಿ ಕಟ್ಟಬಹುದು. ಇದು ಬ್ರನ್ಸನ್ ಹೇಳಿದ್ದೇ. ಆದರೆ ಅರ್ಧ ಗಂಟಲ್ಲ, ಮೂರನೇ ಒಂದು ಪಾಲು ಸಾಕು. ನಾಲ್ಕರಲ್ಲಿ ಒಂದು ಸಲ ಎಲೆ ಎಸೆದರೂ ಅಸಲು ಬರುತ್ತದೆ. ಎಕ್ಕ-ರಾಜ, ಎಕ್ಕ-ರಾಣಿ, ಎಕ್ಕದ ಜೋಡಿ ಏರಿಸಿದವನ ರೇಂಜ್‌ನಲ್ಲೇ ಹೆಚ್ಚು, ಸುಮ್ಮನೆ ಒಪ್ಪಿಕೊಂಡವನಲ್ಲಿ ಕಡಿಮೆ. ಎಂಟು-ಏಳು-ಆರು ಬಿದ್ದರೆ ಚಿತ್ರ ತಿರುಗುತ್ತದೆ. ಸಾಲು, ಎರಡು ಜೋಡಿ ಕೂಡುವ ಸಣ್ಣ ಎಲೆಗಳು ಈಗ ಒಪ್ಪಿಕೊಂಡವನ ಬಳಿ ಹೆಚ್ಚು. ಅಲ್ಲಿ ಎಕ್ಕದ ಜೋಡಿ ಹಿಡಿದವನು ಕೂಡ ಎಷ್ಟೋ ಸಲ ಚೆಕ್ ಎಂದು ಸುಮ್ಮನಾಗಬೇಕು. ಮೊದಲು ಆಡುವ ಜಾಗದಲ್ಲಿದ್ದರೆ ಇನ್ನೂ ಹೆಚ್ಚು ಸಲ. ಕಟ್ಟಬೇಕೇ ಬೇಡವೇ ಎಂಬುದನ್ನು ಕೈಲಿರುವ ಎರಡು ಎಲೆಗಿಂತ ಹೆಚ್ಚಾಗಿ, ನಡುವಿನ ಮೂರು ಎಲೆ ಯಾರ ಒಟ್ಟು ರೇಂಜ್‌ಗೆ ಒಲಿದಿವೆ ಎಂಬುದು ನಿರ್ಧರಿಸುತ್ತದೆ.

ಬೆಂಗಳೂರಿನ ಸಂತೋಷ್ ಸುವರ್ಣ ದೊಡ್ಡ ಮೇಜುಗಳಿಗೆ ಬಂದದ್ದು ಇಂಥ ಕಾಲದಲ್ಲಿ. 2024ರಲ್ಲಿ ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್‌ನಲ್ಲಿ 2.5 ಲಕ್ಷ ಡಾಲರ್ ಪ್ರವೇಶದ ಪಂದ್ಯ ಗೆದ್ದು ಅವರು 54 ಲಕ್ಷ ಡಾಲರ್ ಪಡೆದರು. ಅವರ ಊರಿನಲ್ಲಿ ಆಟದ ಹಣೆಬರಹ ಬಹುಕಾಲ ನ್ಯಾಯಾಲಯಗಳ ಕೈಲಿತ್ತು. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜನ್ನು ನಿಷೇಧಿಸಿ, ಕೌಶಲದ ಆಟಗಳನ್ನು ಹೊರಗಿಟ್ಟಿದೆ. ರಮ್ಮಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತ್ತು. ಪೋಕರ್? ಕೌಶಲದ ಆಟವಾಗಿ ಆಡುವ ಪೋಕರ್‌ಗೆ ಪರವಾನಗಿ ಬೇಕಿಲ್ಲವೆಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ನಾಲ್ಕು ವರ್ಷದ ಬಳಿಕ ಗುಜರಾತ್ ಹೈಕೋರ್ಟ್ ಅದೇ ಆಟವನ್ನು ಜೂಜೆಂದಿತು. 2021ರಲ್ಲಿ ಕರ್ನಾಟಕ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು.

ಅಲ್ಲಿಯವರೆಗಿನ ಜಗಳವೆಲ್ಲ ಆಟದಲ್ಲಿ ಅದೃಷ್ಟ ಎಷ್ಟು, ಲೆಕ್ಕ ಎಷ್ಟು ಎಂಬುದರ ಮೇಲಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಆ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟಿತು. ಕೌಶಲವಿರಲಿ, ಅದೃಷ್ಟವಿರಲಿ, ಎರಡೂ ಬೆರೆತಿರಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟವಾದರೆ ನಿಷಿದ್ಧ. ಕೆಲವೇ ದಿನಗಳಲ್ಲಿ ದೇಶದ ಪೋಕರ್ ಆ್ಯಪ್‌ಗಳು ಹಣದ ಮೇಜುಗಳನ್ನು ಮುಚ್ಚಿದವು, ಕಂಪನಿಗಳು ಕರ್ನಾಟಕ ಹೈಕೋರ್ಟ್ ಸೇರಿದಂತೆ ನ್ಯಾಯಾಲಯಗಳ ಬಾಗಿಲು ತಟ್ಟಿದವು, ಆ ಮೊಕದ್ದಮೆಗಳನ್ನು ಸುಪ್ರೀಂ ಕೋರ್ಟ್ ತನ್ನ ಬಳಿಗೆ ಕರೆಸಿಕೊಂಡಿತು.